ಮೈಕ್‌ಸೆಟ್ ಅಕ್ಕನ ಕಂಪ್ಯೂಟರು

ಅಕ್ಕನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬೆಸುಗೆ ಹಾಕುವ ಕಾದ ಕಡ್ಡಿ ತಾಗಿ ತಾಗಿ ಅಲ್ಲಿನ ಚರ್ಮ ಹುಣಸೆ ಬೀಜದಷ್ಟು ನುಣುಪಾಗಿ, ಅಷ್ಟೇ ಗಟ್ಟಿಯಾಗಿತ್ತು. ನನಗೆ ಕಣ್ಣು ಕಾಣುವುದಿಲ್ಲ. ಆರನೇ ವಯಸ್ಸಿನಲ್ಲಿ ಬಂದ ಜ್ವರ ಇಳಿಯುವಾಗ ದೃಷ್ಟಿಯನ್ನೂ ತೆಗೆದುಕೊಂಡು ಹೋಯಿತು. ಜನರನ್ನು ನಾನು ಗುರುತು ಹಿಡಿಯುವುದು ದನಿಯಿಂದ, ಇಲ್ಲವೇ ಕೈಯಿಂದ. ಆ ಹೆಬ್ಬೆರಳು ಅಂಗೈಗೆ ತಾಗಿದರೆ ಸಾಕು, ಅಕ್ಕ ಬಾಯಿ ತೆರೆಯಬೇಕಾಗಿರಲಿಲ್ಲ.

ಆ ಬೆರಳಿನಿಂದಾಗಿ ಅವರಿಗೆ ರೇಷನ್ ಅಂಗಡಿಯಲ್ಲಿ ತಿಂಗಳಿಗೊಂದು ಜಗಳ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಷೀನು ಅವರನ್ನು ಒಪ್ಪುತ್ತಿರಲಿಲ್ಲ. ಒಮ್ಮೆ ನಾನೂ ಜೊತೆಗಿದ್ದೆ.

"ನಿಮ್ ಬೆರಳು ಸವೆದೈತ್ರಿ ಅಮ್ಮಾ. ಮ್ಯಾಚ್ ಆಗ್ತಿಲ್ಲ, ಹೋಗಿ ಬರ್ರಿ," ಅಂದ ಅಂಗಡಿಯವನು.

"ಬೆರಳು ಸವೆದೈತಪ್ಪ, ನಾನು ಸವೆದಿಲ್ಲ. ನಿನ್ ಎದುರಿಗೇ ನಿಂತೀನಿ. ನಿನ್ ಮಷೀನಿಗೆ ನಾನು ಕಾಣ್ಲಿಲ್ಲ ಅಂದ್ರೆ ಅದಕ್ಕೆ ಬೇರೆ ದಾರಿ ಹುಡುಕು. ನಾನು ಅಕ್ಕಿ ತಗೊಂಡೇ ಹೋಗಾಕಿ."

ಹಿಂದೆ ಸಾಲು ಬೆಳೆಯಿತು, ಗೊಣಗಾಟ ಶುರುವಾಯಿತು. ಅಕ್ಕ ಕದಲಲಿಲ್ಲ. ಅವನು ಒಂದೊಂದೇ ಬೆರಳು ಒತ್ತಿಸುತ್ತಾ ಹೋದ. ಎಡಗೈ ಕಿರುಬೆರಳಿಗೆ ಮಷೀನು ಒಪ್ಪಿತು. "ದಾರಿ ಇತ್ತು ನೋಡು," ಅಂದು ಅಕ್ಕ ಚೀಲ ಹೆಗಲಿಗೇರಿಸಿದರು.

ಹರಿಹರದ ಪೇಟೆಯ ಓಣಿಯೊಂದರಲ್ಲಿ ಅವರ ಮೈಕ್‌ಸೆಟ್ ಅಂಗಡಿ; ಊರಿಗೆಲ್ಲ ಅವರು ಮೈಕ್‌ಸೆಟ್ ಅಕ್ಕ. ಮದುವೆ, ಭಾಷಣ, ಶಾಲಾ ವಾರ್ಷಿಕೋತ್ಸವ, ಯಾವುದಕ್ಕಾದರೂ ಮೈಕು, ಹಾರ್ನು, ದೀಪದ ಸರ ಬಾಡಿಗೆಗೆ ಕೊಟ್ಟು, ತಾವೇ ಹೋಗಿ ಕಟ್ಟಿ ಬರುತ್ತಿದ್ದರು. ಅಂಗಡಿ ಅವರ ಗಂಡನದು. ಗಂಡ ತೀರಿಕೊಂಡ ಮೇಲೆ ಮೈದುನ ಬಂದು, "ಮೈಕ್ ಕಟ್ಟೋದು ಗಂಡಸರ ಕೆಲಸ ಅತ್ತಿಗೆ, ಸಾಮಾನೆಲ್ಲ ಮಾರಿಬಿಡಾಣ," ಅಂದನಂತೆ. ಮರುದಿನವೇ ಅಕ್ಕ ಸೀರೆ ಸೊಂಟಕ್ಕೆ ಬಿಗಿದುಕೊಂಡು, ಹಾರ್ನು ಹೆಗಲಿಗೆ ಹಾಕಿಕೊಂಡು ಒಂದು ಮದುವೆ ಮನೆಯ ಮುಂದಿನ ಕಂಬ ಹತ್ತಿದರು.

ಕಂಬ ಹತ್ತಿದ ಕತೆಗಳು ಅವರ ಬಳಿ ಬೇಕಾದಷ್ಟಿದ್ದವು. ಒಂದು ಸಭೆಯಲ್ಲಿ ಯಾರೋ ಮುಖಂಡರು ವೇದಿಕೆಯ ಮೇಲಿಂದಲೇ, "ಆ ಹೆಂಗಸನ್ನ ಕೆಳಗಿಳಿಸ್ರಪ್ಪ, ಚೆಂದ ಕಾಣಂಗಿಲ್ಲ," ಅಂದರಂತೆ. ಅಕ್ಕ ಇಳಿದರು. ಇಳಿದವರು ನೇರ ಹೋಗಿ ಆಂಪ್ಲಿಫೈಯರಿನ ಸ್ವಿಚ್ಚು ಆರಿಸಿದರು. "ಮೈಕ್ ನಂದು ಸ್ವಾಮಿ. ನಾನು ಇಳಿದ್ರೆ ಅದೂ ಇಳೀತೈತೆ." ಸಾವಿರ ಜನರ ಮುಂದೆ ಬರಿಗಂಟಲಲ್ಲಿ ಎರಡು ಮಾತಾಡಿ ನೋಡಿದ ಮುಖಂಡರು ಮೂರನೆಯದಕ್ಕೆ ಸೋತರು. ಅಕ್ಕ ಮತ್ತೆ ಕಂಬ ಹತ್ತಿದರು.

ನಮ್ಮ ಪರಿಚಯವಾದದ್ದೂ ಒಂದು ವೇದಿಕೆಯ ಮೇಲೆಯೇ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಕಾಲೇಜಿನ ಸಮಾರಂಭವೊಂದರಲ್ಲಿ ನನಗೂ ಐದು ನಿಮಿಷ ಮಾತಾಡಲು ಹೇಳಿದ್ದರು. ಹೋಗಿ ನಿಂತರೆ ಮೈಕು ನನ್ನ ಹಣೆಗೆ ತಾಗಿತು. "ಪಾಪ, ನಾನು ಹಿಡ್ಕೊಂಡು ನಿಂತಿರ್ತೀನಿ," ಎನ್ನುತ್ತಾ ಯಾರೋ ಮೇಷ್ಟ್ರು ಬಂದರು. ಅಷ್ಟರಲ್ಲಿ ಗಟ್ಟಿ ಕೈಯೊಂದು ನನ್ನ ಕೈಯನ್ನು ಎಳೆದು ಸ್ಟ್ಯಾಂಡಿನ ನಡುವಿನ ತಿರುಪಿನ ಮೇಲಿಟ್ಟಿತು.

"ಇದನ್ನ ಸಡಿಲ ಮಾಡಿದ್ರೆ ಇಳೀತೈತೆ, ಬಿಗಿ ಮಾಡಿದ್ರೆ ನಿಲ್ತೈತೆ. ನಿನ್ ಎತ್ತರಕ್ಕೆ ನೀನೇ ಮಾಡ್ಕೋ ತಂಗಿ. ಅವ್ರು ಕಾಯ್ತಾರೆ."

ಸಭೆ ಕಾಯಿತು. ನಾನು ತಿರುಪು ತಿರುಗಿಸಿ, ಬಾಯಿಯ ಮಟ್ಟಕ್ಕೆ ತಂದುಕೊಂಡು ಮಾತಾಡಿದೆ. ಐದರ ಜಾಗದಲ್ಲಿ ಹತ್ತು ನಿಮಿಷ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ವೈರು ಸುತ್ತುತ್ತಾ ಕೇಳಿದರು. "ನೀನು ಓದೋದು ಹೆಂಗೆ?"

ನಾನು ಹೇಳಿದೆ. ಇಂಗ್ಲಿಷ್ ಪುಸ್ತಕವಾದರೆ ಕಂಪ್ಯೂಟರು ಓದಿ ಹೇಳುತ್ತದೆ. ನಮ್ಮ ಪಠ್ಯಗಳು ಕನ್ನಡದವು, ಹಳೆಯ ಅಚ್ಚಿನವು. ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಅದು ಕದಂಬರನ್ನು ಕಂಬ ಮಾಡುತ್ತದೆ. ಗೆಳತಿಯರು ಬಿಡುವಾದಾಗ ಓದುತ್ತಾರೆ. ಪರೀಕ್ಷೆ ಹತ್ತಿರ ಬಂದರೆ ಯಾರಿಗೂ ಬಿಡುವಿರುವುದಿಲ್ಲ.

"ನನಗೆ ಓದೋಕೆ ಬರ್ತೈತೆ," ಅಂದರು ಅಕ್ಕ. "ಭಾನುವಾರ ಪುಸ್ತಕ ತಗೊಂಡು ಬಾ."

ಅವರ ದನಿಯನ್ನು ಹರಿಹರ ಆಗಲೇ ಬಲ್ಲದಾಗಿತ್ತು. ನಾಳೆ ನಲ್ಲಿ ನೀರು ಬರುವುದಿಲ್ಲ, ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿ, ಸೀರೆಗಳ ಮಾರಾಟ ಇನ್ನೆರಡೇ ದಿನ — ಊರಿನ ಪ್ರಚಾರದ ಆಟೋಗಳಲ್ಲಿ ಮೊಳಗುತ್ತಿದ್ದದ್ದು ಅವರದೇ ದನಿ. ಅದನ್ನು ಮುದ್ರಿಸಿಕೊಳ್ಳಲೆಂದೇ ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಕೌದಿ ತೂಗುಹಾಕಿ, ಒಂದು ಕಂಪ್ಯೂಟರು ಇಟ್ಟುಕೊಂಡಿದ್ದರು. ಕೊಂಡದ್ದಲ್ಲ, ತಾವೇ ಜೋಡಿಸಿದ್ದು. ಬಾಗಿಲು ಹಾಕಿದ ಒಂದು ಇಂಟರ್‌ನೆಟ್ ಸೆಂಟರಿನಿಂದ ಬೋರ್ಡು ತಂದಿದ್ದರು. ಗುಜರಿಯಿಂದ ಫ್ಯಾನು, ಇನ್ನೆಲ್ಲಿಂದಲೋ ಹಾರ್ಡ್ ಡಿಸ್ಕು. ಇದನ್ನೆಲ್ಲ ಗಂಡನ ಕಾಲದ ಆಂಪ್ಲಿಫೈಯರಿನ ಮರದ ಪೆಟ್ಟಿಗೆಯೊಳಗೆ ಕೂರಿಸಿದ್ದರು. ಮುಟ್ಟಿ ನೋಡಿದರೆ ಕಂಪ್ಯೂಟರು ಎನ್ನಿಸುತ್ತಲೇ ಇರಲಿಲ್ಲ. ಮುಚ್ಚಳಕ್ಕೆ ಬಾಗಿಲಿನ ಚಿಲಕವಿತ್ತು.

ನಾನು ಹೋಗತೊಡಗಿದ ಮೇಲೆ ಅದರೊಳಕ್ಕೆ ಅಕ್ಷರ ಓದಿ ಹೇಳುವ ತಂತ್ರಾಂಶ ಹಾಕಿಸಿದರು. ನನಗೆ ಬೇಕಾದ ಗುಂಡಿಗಳ ಮೇಲೆ ಬೆಂಕಿಕಡ್ಡಿಯ ಚೂರು ಅಂಟಿಸಿದರು. ಅವರು ಮೈಕ್ ಕಟ್ಟಲು ಹೋದ ದಿನಗಳಲ್ಲಿ ನಾನೊಬ್ಬಳೇ ಅದರ ಮುಂದೆ ಕೂತು, ಅವರು ಓದಿದ್ದನ್ನು ಅಧ್ಯಾಯ ಅಧ್ಯಾಯ ಕತ್ತರಿಸಿ ಜೋಡಿಸುತ್ತಿದ್ದೆ. ಅದು ಕೇಳಿದವರಿಂದ ಕೇಳಿದವರಿಗೆ ಹೋಗಿ, ನನ್ನಂಥ ಇನ್ನೂ ಆರು ಜನ ಪೆನ್ ಡ್ರೈವ್ ಹಿಡಿದುಕೊಂಡು ಬರತೊಡಗಿದರು.

ತೊಂದರೆ ಒಂದೇ. ಅಕ್ಕ ಓದುವಾಗ ದನಿಯ ಹಿಂದೆ ಸದಾ 'ಗುಂಯ್' ಎಂಬ ಸದ್ದು. ಆಟೋದಲ್ಲಿ ಅರ್ಧ ನಿಮಿಷದ ಪ್ರಚಾರಕ್ಕೆ ಅದು ಅಡ್ಡಿಯಲ್ಲ. ದಿನಕ್ಕೆ ಐದು ಗಂಟೆ ಕಿವಿಗೆ ಹಾಕಿಕೊಂಡು ಕೂರುವವರಿಗೆ ಮಾತ್ರ ಅದು ನರಕ. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಮೈಕಿಗೂ ಕಂಪ್ಯೂಟರಿಗೂ ನಡುವೆ 'ಆಡಿಯೋ ಇಂಟರ್‌ಫೇಸ್' ಎಂಬ ಡಬ್ಬಿ ಹಾಕಿದರೆ ದನಿ ಶುದ್ಧವಾಗುತ್ತದೆ ಎಂದು ಓದಿಕೊಂಡು, ನನ್ನ ವಿದ್ಯಾರ್ಥಿವೇತನದಲ್ಲಿ ಹೊಸದೊಂದನ್ನು ತರಿಸಿದೆ. ಅಂತಿಮ ಪರೀಕ್ಷೆಗೆ ಎರಡೇ ತಿಂಗಳಿತ್ತು.

ಡಬ್ಬಿ ಬಂತು. ಅಕ್ಕ ವೈರು ಚುಚ್ಚಿದರು. ಏನೂ ಆಗಲಿಲ್ಲ. ತೆಗೆದು ಮತ್ತೆ ಚುಚ್ಚಿದರು. ಇಡೀ ಮಧ್ಯಾಹ್ನ ಹಾಗೇ ಕಳೆಯಿತು. ತಂದವಳು ನಾನು, ಯಾರನ್ನೂ ಕೇಳದೆ ತಂದವಳು. ನನಗೆ ಅಳು ಬಂದಿತ್ತು.

ಮರುದಿನ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬಂದೆವು. ರಿಪೇರಿ ಅಂಗಡಿಯಲ್ಲಿದ್ದವನು ಚಿಲಕ ತೆಗೆದು ನಕ್ಕ.

"ಇದೇನ್ರಿ, ಕೋಳಿಗೂಡಾ?"

"ಕಂಪ್ಯೂಟರು. ನಾನೇ ಕಟ್ಟಿದ್ದು."

"ಬಾಳ ಹಳೇದ್ರಿ ಇದು. ಹೊಸ ಡಿವೈಸ್ ಇದಕ್ಕೆ ಹಿಡಿಯಂಗಿಲ್ಲ."

"ಯಾಕ ಹಿಡಿಯಂಗಿಲ್ಲ?"

"ಹಳೇದಲ್ರಿ, ಅದಕ್ಕೆ."

"ಅದು ಕಾರಣ ಅಲ್ಲಪ್ಪ, ವಯಸ್ಸು. ನಾನು ಕಾರಣ ಕೇಳಿದ್ದು."

ಅವನು ಉಸಿರುಬಿಟ್ಟ. ಇದರಲ್ಲಿ ಅಂಥದ್ದೇನು ಮಾಡುತ್ತೀರಿ ಎಂದು ಕೇಳಿದ. ಪುಸ್ತಕ ಓದುತ್ತೇನೆ, ಇವಳಿಗೆ ಮತ್ತು ಇವಳಂಥವರಿಗೆ ಎಂದು ಅಕ್ಕ ಹೇಳಿದರು. ಅವನ ದನಿ ತಟ್ಟನೆ ಮೆತ್ತಗಾಯಿತು. ಆ ಮೆತ್ತಗಿನ ದನಿ ನನಗೆ ಚೆನ್ನಾಗಿ ಗೊತ್ತು.

"ಪಾಪ, ಇವ್ರಿಗಾದ್ರೆ ಮೊಬೈಲ್‌ನಾಗೆ ರೆಕಾರ್ಡ್ ಮಾಡಿ ಕೊಡ್ರಿ. ಅಷ್ಟು ಸಾಕು."

ಅಕ್ಕ ಚಿಲಕ ಹಾಕಿದ ಸದ್ದು ಕೇಳಿಸಿತು. "ಸಾಕೋ ಬೇಕೋ ಅನ್ನೋದನ್ನ ಕೇಳಾಕಿ ಹೇಳ್ಬೇಕು. ಏನವ್ವಾ, ಸಾಕಾ ನಿನಗೆ?"

"ಸಾಲದು," ಅಂದೆ. ಆವರೆಗೆ ಬದುಕಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೊಟ್ಟದ್ದನ್ನು ಸಾಕು ಅನ್ನುವುದೇ ನನಗೆ ರೂಢಿಯಾಗಿತ್ತು. ಪೆಟ್ಟಿಗೆಯನ್ನು ನಾನೇ ಕೌದಿಯಲ್ಲಿ ಸುತ್ತಿ ಎತ್ತಿಕೊಂಡೆ.

ಹೊಸ ಕಂಪ್ಯೂಟರಿನ ಯೋಚನೆ ನನಗೂ ಬಂದಿತ್ತು. ಬಸ್ಸಿನಲ್ಲಿ ಹೇಳಿಯೂ ನೋಡಿದೆ. "ತರಬಹುದು," ಅಂದರು ಅಕ್ಕ. "ಅದನ್ನ ನಿನ್ ಕೈಗೆ ಹೊಂದಿಸೋಕೆ ತಿಂಗಳು ಬೇಕು. ಇರೋದೇ ಎರಡು ತಿಂಗಳು. ಅದೂ ಅಲ್ದೆ, ಇದು ಕೆಟ್ಟಿಲ್ಲಲ್ಲ? ಕೆಟ್ಟಿಲ್ದೇ ಇರೋದನ್ನ ಯಾಕ ಬಿಸಾಕ್ಲಿ?"

ಅಂದಿನಿಂದ ಇಬ್ಬರೂ ಹಟ ಹಿಡಿದು ಕೂತೆವು. ನನಗೆ ಕಿವಿ, ಅಕ್ಕನಿಗೆ ಕೈ. ವೈರು ಚುಚ್ಚಿದಾಗ ಕಂಪ್ಯೂಟರು ಒಂದು ಸಣ್ಣ ಗಂಟೆ ಬಾರಿಸುತ್ತಿತ್ತು. ಅದರ ಬೆನ್ನಿಗೇ, ತೀರಾ ಮೆಲ್ಲಗೆ, ಇಳಿದನಿಯ ಇನ್ನೊಂದು. ಮೊದಲನೆಯದು ಡಬ್ಬಿ ಬಂತು ಅನ್ನುವುದಕ್ಕೆ, ಎರಡನೆಯದು ಹೋಯಿತು ಅನ್ನುವುದಕ್ಕೆ. ಎರಡನೆಯದನ್ನು ಅಕ್ಕನೂ ಗಮನಿಸಿರಲಿಲ್ಲ, ದಾವಣಗೆರೆಯವನೂ ಗಮನಿಸಿರಲಿಲ್ಲ.

"ಅಕ್ಕಾ, ಅದು ಬರ್ತಾ ಐತೆ. ಬಂದು ನಿಲ್ತಾ ಇಲ್ಲ."

ಅಕ್ಕ ವೈರು ತೆಗೆದು ಇನ್ನೊಮ್ಮೆ ಚುಚ್ಚಿ ಕೇಳಿ, "ಕರೆಂಟ್ ಸಾಲ್ತಿಲ್ಲ ಅದಕ್ಕೆ," ಅಂದರು. ಅವರು ಚುಚ್ಚುತ್ತಿದ್ದದ್ದು ಪೆಟ್ಟಿಗೆಯ ಮುಂಭಾಗದ ಕಿಂಡಿಗೆ. ಅಲ್ಲಿಗೆ ಬೋರ್ಡಿನಿಂದ ತೆಳ್ಳನೆಯ ವೈರೊಂದು ಬರುತ್ತಿತ್ತು, ಅಷ್ಟೇ. ಹಿಂಬದಿಯ ಮರವನ್ನು ಗರಗಸದಿಂದ ಕೊಯ್ದು, ಬೋರ್ಡಿಗೇ ಅಂಟಿಕೊಂಡಿದ್ದ ಕಿಂಡಿಗೆ ಚುಚ್ಚಿದರು. ಗಂಟೆ ಒಂದೇ ಸಲ ಬಾರಿಸಿತು.

ಡಬ್ಬಿ ನಿಂತಿತು, ಆದರೆ ಮಾತಾಡಲಿಲ್ಲ. ಅದನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸುವ ಸಣ್ಣ ತಂತ್ರಾಂಶ, ಡ್ರೈವರ್ ಅನ್ನುತ್ತಾರೆ, ಬೇಕಿತ್ತು. ಡಬ್ಬಿಯ ಜೊತೆ ಬಂದದ್ದು ಹಳೆಯ ಕಂಪ್ಯೂಟರುಗಳಿಗಲ್ಲ. ಅಕ್ಕ ಕಂಪನಿಯ ಸಹಾಯವಾಣಿಗೆ ಫೋನು ಮಾಡಿ, ಪೇಟೆಯಲ್ಲಿ ಕಲಿತ ಉರ್ದು ಹಿಂದಿ ಎಲ್ಲ ಬೆರೆಸಿ ವಾದಕ್ಕಿಳಿದರು. ಆಗುವುದಿಲ್ಲ ಎಂದು ಅತ್ತಲಿನವನು ನಾಲ್ಕು ಸಲ ಹೇಳಿದ. ಮೊದಲು ಯಾವತ್ತಾದರೂ ಆಗುತ್ತಿತ್ತಾ ಎಂದು ಅಕ್ಕ ಐದನೆಯ ಸಲ ಕೇಳಿದರು. ಅವನು ತಡವರಿಸಿ, ಹಳೆಯ ಆವೃತ್ತಿಯೊಂದು ಇತ್ತು, ಅದಕ್ಕೆ ನಾವು ಹೊಣೆಯಲ್ಲ ಅಂದ. "ಹೊಣೆ ನಂದು. ಎಲ್ಲೈತೆ ಅಷ್ಟು ಹೇಳು."

ಅದನ್ನು ಹಾಕಿದ ಮರುಕ್ಷಣ ಕಂಪ್ಯೂಟರಿನ ದನಿ ನಿಂತುಹೋಯಿತು. ಗುಂಡಿ ಒತ್ತಿದರೆ ಅಕ್ಷರ ಹೇಳುತ್ತಿದ್ದ, ಬಾಣದ ಗುಂಡಿ ಒತ್ತಿದರೆ ಸಾಲು ಓದುತ್ತಿದ್ದ ದನಿ. ನನಗೆ ಪರದೆ ಅಂದರೆ ಅದೇ. ಬೆಂಕಿಕಡ್ಡಿಯ ಚೂರುಗಳನ್ನೆಲ್ಲ ಒತ್ತಿದೆ. ಉತ್ತರವಿಲ್ಲ. "ಕೊಂದ್ವಿ ಅಕ್ಕಾ," ಅಂದೆ.

"ಸುಮ್ನಿರು. ಫ್ಯಾನ್ ತಿರುಗ್ತೈತೆ, ಅಂದ ಮೇಲೆ ಜೀವ ಐತೆ. ಮಾತು ಬೇರೆ ಬಾಗಿಲಿಂದ ಹೊರಗೆ ಹೋಗ್ತಿರಬೇಕು." ಅವರು ತಡಕಾಡಿ ಹೆಡ್‌ಫೋನನ್ನು ಡಬ್ಬಿಗೆ ಸಿಕ್ಕಿಸಿ ನನ್ನ ಕಿವಿಗೆ ಹಾಕಿದರು. ಅಲ್ಲಿತ್ತು ದನಿ. ಹಿಂದೆಂದೂ ಇಲ್ಲದಷ್ಟು ಹತ್ತಿರದಲ್ಲಿ, ನಾನು ಒತ್ತುತ್ತಿದ್ದ ಗುಂಡಿಗಳ ಹೆಸರನ್ನೆಲ್ಲ ಒಂದೇ ಸಮನೆ ಹೇಳುತ್ತಿತ್ತು. ನಾನು ಅಕ್ಕನ ತೋಳು ಹಿಡಿದುಕೊಂಡು ನಕ್ಕೆ, ಅತ್ತೆ, ಎರಡನ್ನೂ ಮಾಡಿದೆ.

ಇಷ್ಟಾದರೂ, ಮೈಕು ಹಚ್ಚಿ ಮೊದಲ ಪುಟ ಓದಿಸಿ ಕೇಳಿದರೆ, 'ಗುಂಯ್' ಹಾಗೇ ಇತ್ತು.

ಅಕ್ಕ ಮೊದಲ ಬಾರಿಗೆ ಕುರ್ಚಿಯಲ್ಲಿ ಕುಸಿದು ಕೂತದ್ದು ಅವತ್ತೇ. ನಾನು ಹೆಡ್‌ಫೋನು ತೆಗೆಯುವುದನ್ನೂ ಮರೆತು ಕೂತಿದ್ದೆ. ಅಷ್ಟರಲ್ಲಿ ಸದ್ದು ತಟ್ಟನೆ ಅರ್ಧಕ್ಕಿಳಿಯಿತು.

"ಅಕ್ಕಾ, ಈಗೇನು ಮುಟ್ಟಿದ್ರಿ?"

"ಏನಿಲ್ಲ. ಡಬ್ಬಿ ಮೇಲೆ ಕೈ ಇಟ್ಟೆ."

"ತೆಗೀರಿ." ಸದ್ದು ಏರಿತು. "ಇಡ್ರಿ." ಇಳಿಯಿತು.

ಅಕ್ಕ ಎದ್ದು ನಿಂತರು. "ಅರ್ಥಿಂಗ್! ಇಷ್ಟು ವರ್ಷ ಊರಿಗೆಲ್ಲ ಮೈಕ್ ಕಟ್ಟಿ, ನನ್ ಅಂಗಡಿ ಅರ್ಥಿಂಗ್ ಸತ್ತಿದ್ದು ನೋಡ್ಲಿಲ್ಲಲ್ಲ ನಾನು!" ಮರದ ಪೆಟ್ಟಿಗೆಗೆ ನೆಲಕ್ಕಿಳಿಯುವ ತಂತಿ ಇರಲೇ ಇಲ್ಲ, ಗೋಡೆಯ ಪ್ಲಗ್ಗಿನಲ್ಲಿದ್ದ ಅರ್ಥಿನ ವೈರೂ ನೆಲದೊಳಗೆ ಎಲ್ಲೋ ತುಕ್ಕು ಹಿಡಿದು ತುಂಡಾಗಿತ್ತು. ಸದ್ದಿಗೆ ಭೂಮಿಗಿಳಿಯುವ ದಾರಿಯಿಲ್ಲದೆ ಅದು ಅಕ್ಕನ ದನಿಯೊಳಗೆ ಸೇರಿಕೊಳ್ಳುತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಹಿತ್ತಲಲ್ಲಿ ಅವರೇ ಹಾರೆ ಹಿಡಿದು ಗುಂಡಿ ತೋಡಿದರು. ನಾನು ಬುಟ್ಟಿಯಲ್ಲಿ ಮಣ್ಣು ಎತ್ತಿ ಹಾಕಿದೆ. ಎದೆಮಟ್ಟದ ಗುಂಡಿಗೆ ಕಬ್ಬಿಣದ ಪೈಪು ಇಳಿಸಿ, ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹಾಕಿ ನೀರು ಸುರಿಯುತ್ತಿದ್ದಾಗ ಮೈದುನ ಬಂದ.

"ಏನು ಹೂಳ್ತಿದೀರಿ ಅತ್ತಿಗೆ?"

"ಒಂದು ಸದ್ದು," ಅಂದರು ಅಕ್ಕ, ನೀರು ಸುರಿಯುವುದನ್ನು ನಿಲ್ಲಿಸದೆ.

ಪೈಪಿನಿಂದ ತಂದ ತಾಮ್ರದ ತಂತಿಯನ್ನು ಪ್ಲಗ್ಗಿಗೆ ಕೊಟ್ಟು, ಬೋರ್ಡನ್ನು ಕೂರಿಸಿದ್ದ ತಗಡಿಗೂ ಕೊಟ್ಟರು. ಮೈಕಿನ ಮುಂದೆ ಕೂತು ಪುಸ್ತಕ ತೆರೆದರು. ಮೊದಲು ನನಗೆ ಕೇಳಿಸಿದ್ದು ಕಾಗದ ಮಗುಚಿದ್ದು. ಆಮೇಲೆ ಅವರು ಉಸಿರು ಎಳೆದುಕೊಂಡದ್ದು. ಆ ಎರಡರ ನಡುವೆ ಏನೂ ಇರಲಿಲ್ಲ. ಅಷ್ಟು ಶುದ್ಧವಾದ ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದರ ಮೇಲೆ ಅಕ್ಕನ ದನಿ ಬಂತು.

"ಹೆಂಗೈತೆ?"

"ಓದ್ರಿ ಅಕ್ಕಾ. ನಿಲ್ಲಿಸಬ್ಯಾಡ್ರಿ."

ಆ ಎರಡು ತಿಂಗಳಲ್ಲಿ ಅವರು ಹನ್ನೊಂದು ಪುಸ್ತಕ ಓದಿದರು. ನಾನು ಎಂ.ಎ. ಪಾಸಾದೆ, ಎರಡು ವರ್ಷದ ನಂತರ ಉಪನ್ಯಾಸಕಿಯಾದೆ. ಸಂದರ್ಶನದಲ್ಲಿ ಒಬ್ಬರು, "ನಿಮಗೆ ಲೈಬ್ರರಿ ಕೆಲಸವೇ ಅನುಕೂಲ ಅಲ್ವೇ?" ಎಂದು ಅದೇ ಮೆತ್ತಗಿನ ದನಿಯಲ್ಲಿ ಕೇಳಿದರು. ನಾನು ಕಾರಣ ಕೇಳಿದೆ. ಮರದ ಪೆಟ್ಟಿಗೆ ಈಗ ಶಾಮನೂರಿನ ನನ್ನ ಮನೆಯಲ್ಲಿದೆ, ಇವತ್ತಿಗೂ ನಡೆಯುತ್ತದೆ.

ಅಕ್ಕ ಹೋದದ್ದು ಕಳೆದ ವರ್ಷ. ಉಕ್ಕಡಗಾತ್ರಿಯ ಗುಡಿಯಲ್ಲಿ ಅಮಾವಾಸ್ಯೆಯ ಜನಸಂದಣಿಗೆ ಕಟ್ಟಿದ್ದ ಮೈಕನ್ನು ಬಿಚ್ಚಿಕೊಂಡು ಮಧ್ಯಾಹ್ನ ಅಂಗಡಿಗೆ ಬಂದವರು, ನೀರು ಕುಡಿದು, ಎದೆ ಹಿಡಿದಂತಾಗುತ್ತಿದೆ ಎಂದು ಗೋಡೆಗೆ ಒರಗಿದರಂತೆ. ಅಷ್ಟೇ.

ಅವರ ಮನೆತನದಲ್ಲಿ ಹೂಳುವ ಪದ್ಧತಿ. ನಾವು ಏಳೂ ಜನ ಬೇರೆ ಬೇರೆ ಊರುಗಳಿಂದ ಬಂದು ಸೇರಿದ್ದೆವು. ರುದ್ರಭೂಮಿಗೆ ಹೊರಟಾಗ ಯಾರೋ, "ನೀವು ಬ್ಯಾಡ್ರಿ, ನೆಲ ಏರುಪೇರೈತೆ, ಇಲ್ಲೇ ಹೂವು ಹಾಕಿಬಿಡ್ರಿ," ಅಂದರು. ನಾನು, "ಬರ್ತೀವಿ," ಅಂದೆ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು, ಏಳು ಜನ ಒಂದೇ ಸಾಲಿನಲ್ಲಿ, ಎಡವುತ್ತಾ ನಡೆದೆವು. ಜನ ದಾರಿ ಬಿಟ್ಟರು. ನಾನು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದೆ, ನನ್ನ ಹಿಂದೆ ಆರು ಜನ ಹಾಕಿದರು.

ಮೈದುನ ನನ್ನ ಪಕ್ಕಕ್ಕೆ ಬಂದ. "ಇವ್ರೆಲ್ಲ ಯಾರ್ರಿ?"

"ಅಕ್ಕನ ಹತ್ರ ಓದಿದೋರು. ಒಬ್ಬ ಬ್ಯಾಂಕಿನಾಗಿದಾನೆ, ಮೂರು ಜನ ಮೇಷ್ಟ್ರು, ಇಬ್ಬರು ಇನ್ನೂ ಎಂ.ಎ. ಮಾಡ್ತಿದಾರೆ."

"ಅತ್ತಿಗೆ ಹತ್ರ ಓದಿದ್ರಾ?" ಅವನಿಗೆ ನಂಬಿಕೆ ಬರಲಿಲ್ಲ. "ಅತ್ತಿಗೆ ಆರನೇ ಕ್ಲಾಸಿಗೇ ಶಾಲೆ ಬಿಟ್ಟೋರಲ್ರಿ."

ಅದು ನನಗೆ ಗೊತ್ತಿರಲಿಲ್ಲ. ಎಲ್ಲಿವರೆಗೆ ಓದಿದ್ದೀರಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ; ಆ ದನಿ ಕೇಳಿದವರಿಗೆ ಅಂಥ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಈಗ ಒಂದೊಂದೇ ನೆನಪಾಯಿತು. ಓದುತ್ತಾ ಓದುತ್ತಾ ಅವರು ನಡುವೆ ನಿಲ್ಲಿಸಿ, "ಊಳಿಗಮಾನ್ಯ ಅಂದ್ರೇನು, ಹೇಳು ನೋಡಾಣ," ಎನ್ನುತ್ತಿದ್ದರು. ನಾನು ವಿವರಿಸುತ್ತಿದ್ದೆ. "ಸರಿ," ಎಂದು ಮುಂದಕ್ಕೆ ಹೋಗುತ್ತಿದ್ದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಜಂಬದಿಂದ ಹೇಳುತ್ತಿದ್ದೆ. ಅವರು ಕಲಿಯುತ್ತಿದ್ದರು.

"ಆರನೇ ಕ್ಲಾಸು," ಅಂದ ಮೈದುನ ಮತ್ತೊಮ್ಮೆ, ಸುತ್ತಲಿದ್ದವರಿಗೂ ಕೇಳಿಸುವಂತೆ.

"ಇಲ್ರಿ," ಅಂದೆ ನಾನು. ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು, ತಗ್ಗಿಸಲಿಲ್ಲ. "ಹನ್ನೊಂದು ಪುಸ್ತಕ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿದಾರೆ, ತಿಳ್ಕೊಂಡು ಓದಿದಾರೆ. ನಾನು ಕಾಲೇಜಿನಾಗೆ ಪಾಠ ಮಾಡಾಕಿ, ನಾನು ಹೇಳ್ತಿದೀನಿ ಕೇಳ್ರಿ. ಅಕ್ಕ ಎಂ.ಎ. ಪಾಸು."

ಗುಂಡಿ ತುಂಬುವವರೆಗೆ ನಾವು ಏಳು ಜನ ಅಲ್ಲೇ ನಿಂತಿದ್ದೆವು.